ಮಳೆ ಕಡಿಮೆ ಇರುವ ಊರಲ್ಲಿ ತಾರಸಿ ನೀರನ್ನು ನಂಬಬಹುದಾ?

ಪ್ರಶ್ನೆ: ಸರ್, ನಮ್ಮದು ಚಿತ್ರದುರ್ಗ. 30–40 ಸೈಟಿನಲ್ಲಿ ಸ್ವಂತ ಮನೆ ಇದೆ. ಆರ್‌ಸಿಸಿ ತಾರಸಿ ಸುಮಾರು 900 ಚದರಡಿ. ಮನೆಯಲ್ಲಿ ನಾನು, ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ಬೋರ್ ನೀರು ಗಡಸು, ಬೇಳೆಯೇ ಬೇಯುವುದಿಲ್ಲ. ಕುಡಿಯಲು ಕ್ಯಾನ್ ನೀರು ತರುತ್ತೇವೆ. ಎಲ್ಲದಕ್ಕೂ ಅಂಗಡಿ, ಟ್ಯಾಂಕರ್ ನಂಬಿಕೊಂಡು ಇರುವುದು ಸ್ವಲ್ಪವಾದರೂ ಕಡಿಮೆ ಆಗಬೇಕು ಅಂತ ಆಸೆ. ಮಳೆ ನೀರು ಹಿಡಿಯೋಣ ಅಂದರೆ ಯಜಮಾನರು, "ನಮ್ಮೂರಲ್ಲಿ ಮಳೆ ಎಲ್ಲಿ ಬರುತ್ತೆ, ಸುಮ್ನೆ ದುಡ್ಡು ದಂಡ" ಅನ್ನುತ್ತಾರೆ. ಅಡುಗೆಮನೆ ಕಸದ ಗೊಬ್ಬರ, ತಾರಸಿ ಮೇಲೆ ಸೊಪ್ಪು, ಸೋಲಾರ್ ಕರೆಂಟು ಕೂಡ ತಲೆಯಲ್ಲಿವೆ. ಯಾವುದನ್ನು ಮೊದಲು ಶುರು ಮಾಡಲಿ?

ಉತ್ತರ: ನಮಸ್ಕಾರ ಅಮ್ಮ. ನೀರಿನಿಂದ ಶುರು ಮಾಡಿ. ಸೊಪ್ಪು ಬೆಳೆಯಲು ನೀರು ಬೇಕು, ಗೊಬ್ಬರ ಆಗಲು ತೇವ ಬೇಕು. ನಮ್ಮ ಕಡೆ ಮನೆಯ ಖರ್ಚು, ಮನೆಯ ಚಿಂತೆ ಎರಡೂ ಹೆಚ್ಚಾಗಿ ನೀರಿನ ಸುತ್ತಲೇ ಇರುತ್ತವೆ. ಅದೊಂದು ಸರಿಹೋದರೆ ಉಳಿದವು ಒಂದೊಂದಾಗಿ ಬರುತ್ತವೆ.

ಯಜಮಾನರ ಅನುಮಾನ ತಪ್ಪಲ್ಲ. ಚಿತ್ರದುರ್ಗ ಮಳೆ ನೆರಳಿನ ಜಿಲ್ಲೆ. ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಬಂದರೆ ಒಳ್ಳೆಯ ವರ್ಷ ಅನ್ನುತ್ತೇವೆ. ಚಳ್ಳಕೆರೆ ಕಡೆ ಇನ್ನೂ ಕಡಿಮೆ. ಆದರೆ ಈ ಮಿಲಿಮೀಟರನ್ನು ಒಂದು ಸಲ ನಿಮ್ಮ ತಾರಸಿ ಮೇಲೆ ಇಟ್ಟು ಲೆಕ್ಕ ಹಾಕಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಿಮ್ಮ 900 ಚದರಡಿ ಅಂದರೆ ಹತ್ತಿರ ಹತ್ತಿರ 84 ಚದರ ಮೀಟರ್. 500 ಮಿಲಿಮೀಟರ್ ಬಿದ್ದರೆ 42,000 ಲೀಟರ್. ಅದರಲ್ಲಿ ಆವಿಯಾಗಿ ಹೋಗುವುದು, ಮೊದಲ ಮಳೆಯಲ್ಲಿ ಚೆಲ್ಲುವುದು, ಕಾಂಕ್ರೀಟು ಕುಡಿಯುವುದು ಎಂದು ಐದರಲ್ಲಿ ಒಂದು ಪಾಲು ಬಿಡಿ. ಆಗಲೂ 33,000 ಲೀಟರಿಗೆ ಮೋಸವಿಲ್ಲ. ಬರಗಾಲ ಬಂದು 300 ಮಿಲಿಮೀಟರೇ ಬಿತ್ತು ಅಂತಿಟ್ಟುಕೊಳ್ಳಿ, 20,000 ಲೀಟರ್.

ಈಗ ಮನೆಗೆ ಎಷ್ಟು ಬೇಕು? ಇಲ್ಲೇ ತುಂಬಾ ಜನ ದಾರಿ ತಪ್ಪುತ್ತಾರೆ. ಸ್ನಾನ, ಬಟ್ಟೆ, ಪಾತ್ರೆ, ಶೌಚ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿ, "ಅಯ್ಯೋ, ಮಳೆ ನೀರು ಸಾಲಲ್ಲ" ಅಂತ ಕೈ ಬಿಡುತ್ತಾರೆ. ಅವಕ್ಕೆಲ್ಲ ಬೋರ್ ನೀರು ನಡೆಯುತ್ತದೆ. ಮಳೆ ನೀರನ್ನು ಕುಡಿಯಲು ಮತ್ತು ಅಡುಗೆಗೆ ಮಾತ್ರ ಮೀಸಲಿಡಿ. ಒಬ್ಬರಿಗೆ ದಿನಕ್ಕೆ ಐದು ಲೀಟರ್ ಅಂದರೆ ಐದು ಜನಕ್ಕೆ 25 ಲೀಟರ್. ವರ್ಷಕ್ಕೆ ಸುಮಾರು 9,000 ಲೀಟರ್. ಬರಗಾಲದಲ್ಲೂ ನಿಮ್ಮ ತಾರಸಿ ಇದರ ಎರಡರಷ್ಟು ಕೊಡುತ್ತದೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಯಜಮಾನರ ಮುಂದೆ ಇಡಿ.

ನಮ್ಮಲ್ಲಿ ಮಳೆ ಕಡಿಮೆ ಅನ್ನುವುದಕ್ಕಿಂತ ಅದು ಬರುವ ರೀತಿಯೇ ಕಷ್ಟ. ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ಅಣೆಕಟ್ಟು 1907ರಲ್ಲಿ ಕಟ್ಟಿ ಮುಗಿಯಿತು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಕಂಡಿದ್ದು 2022ರಲ್ಲಿ. ನಡುವೆ 89 ವರ್ಷ! ವರ್ಷದೊಳಗೂ ಹಾಗೇ. ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ, ಅಂದರೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಜಾಸ್ತಿ ಸುರಿಯುತ್ತದೆ. ಆಮೇಲೆ ನವೆಂಬರಿನಿಂದ ಮೇ ತನಕ ಆಕಾಶ ನೋಡುವುದೇ ಆಗುತ್ತದೆ. ಹಾಗಾಗಿ ನಿಮಗೆ ಬೇಕಿರುವುದು ಏಳು ತಿಂಗಳ ನೀರು ಹಿಡಿಯುವ ಟ್ಯಾಂಕ್. ದಿನಕ್ಕೆ 25 ಲೀಟರಿನಂತೆ 210 ದಿನಕ್ಕೆ 5,250 ಲೀಟರ್. 6,000 ಲೀಟರಿನ ಜಾಗ ಇದ್ದರೆ ಸಾಕು. 2,000 ಲೀಟರಿನ ಮೂರು ಕಪ್ಪು ಟ್ಯಾಂಕುಗಳನ್ನು ಕಾಂಪೌಂಡಿನ ಒಳಗೆ ಮನೆ ಪಕ್ಕದ ಓಣಿಯಲ್ಲಿ ಸಾಲಾಗಿ ಕೂರಿಸಬಹುದು. 30 ಮಿಲಿಮೀಟರಿನ ಒಂದು ಹದವಾದ ಮಳೆಗೆ ಒಂದು ಟ್ಯಾಂಕ್ ತುಂಬುತ್ತದೆ. ಅಂಥ ಮೂರು ಮಳೆ ಸಾಕು.

ನಿಮ್ಮೂರಿಗೆ ಇದು ಹೊಸದೂ ಅಲ್ಲ. ಕೋಟೆಗೆ ಹೋದಾಗ ಮಕ್ಕಳಿಗೆ ಹೊಂಡಗಳನ್ನು ತೋರಿಸಿ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ. ಬಂಡೆ ಮೇಲೆ ಬಿದ್ದ ಮಳೆಯನ್ನೇ ಹಂತ ಹಂತವಾಗಿ ಇಳಿಸಿಕೊಂಡು ಒಂದು ಊರು ಬದುಕಿತ್ತು. ಇದೇ 500 ಚಿಲ್ಲರೆ ಮಿಲಿಮೀಟರ್ ಮಳೆಯಲ್ಲಿ.

ಈಗ ಕೆಲಸಕ್ಕೆ ಬರೋಣ. ಮೊದಲು ತಾರಸಿ. ಡಾಂಬರು ಹಚ್ಚಿದ್ದರೆ ಆ ನೀರು ಕುಡಿಯಲು ಬೇಡ. ಬರೀ ಸಿಮೆಂಟು ಅಥವಾ ಟೈಲ್ಸ್ ಇದ್ದರೆ ಒಳ್ಳೆಯದು. ಮಳೆಗಾಲಕ್ಕೆ ಮುಂಚೆ ಒಂದು ಸಲ ಗುಡಿಸಿ, ತೊಳೆದು, ನೀರು ಇಳಿಯುವ ತೂತಿಗೆ ಜಾಲರಿ ಕೂರಿಸಿ. ನೀರಿನ ಇಳಿಜಾರು ಯಾವ ಮೂಲೆಗಿದೆ ಎಂದು ಎರಡು ಬಕೆಟ್ ನೀರು ಸುರಿದು ನೋಡಿ. ಚಿತ್ರದುರ್ಗದಲ್ಲಿ ಕೋತಿ ಕಾಟ ನಿಮಗೇ ಗೊತ್ತು. ಟ್ಯಾಂಕಿನ ಮುಚ್ಚಳಕ್ಕೆ ಕೊಂಡಿ ಹಾಕಿಸಿ ತಂತಿಯಿಂದ ಬಿಗಿದು ಕಟ್ಟಲೇಬೇಕು. ಬರೀ ಕಲ್ಲು ಹೇರಿದರೆ ಅವು ಎತ್ತಿ ಎಸೆಯುತ್ತವೆ.

ಆಮೇಲೆ ಬರುವುದು ಎಲ್ಲಕ್ಕಿಂತ ಮುಖ್ಯವಾದ ಭಾಗ, ಮೊದಲ ನೀರನ್ನು ಹೊರಗೆ ಬಿಡುವುದು. ಮಳೆ ಶುರುವಾದ ಕೂಡಲೇ ಪೈಪಿನಿಂದ ಬೀಳುವ ನೀರನ್ನು ಒಂದು ಸ್ಟೀಲ್ ಲೋಟದಲ್ಲಿ ಹಿಡಿದು ನೋಡಿ. ಕೆಂಪು ಧೂಳು, ಹಕ್ಕಿ ಹಿಕ್ಕೆ, ಒಣಗಿದ ಎಲೆ ಚೂರು ಎಲ್ಲಾ ಕಾಣುತ್ತವೆ. ಹತ್ತು ನಿಮಿಷ ಬಿಟ್ಟು ಅದೇ ಲೋಟ ಹಿಡಿಯಿರಿ, ತಳ ಕಾಣುತ್ತದೆ. ಆ ಮೊದಲ ಒಂದೆರಡು ಮಿಲಿಮೀಟರ್ ಮಳೆ ತಾರಸಿಯನ್ನು ತೊಳೆಯುವುದಕ್ಕೇ ಹೋಗಬೇಕು. ನಿಮ್ಮ ತಾರಸಿಗೆ ಅದು 84ರಿಂದ 168 ಲೀಟರ್. ಪ್ಲಂಬರುಗಳು ಸಾಮಾನ್ಯವಾಗಿ ಮೂರಡಿ ಉದ್ದದ ನಾಲ್ಕಿಂಚಿನ ಪೈಪು ನಿಲ್ಲಿಸಿ, ಕೆಳಗೆ ಮುಚ್ಚಳ ಹಾಕಿ "ಆಯ್ತು" ಅನ್ನುತ್ತಾರೆ. ಆ ಪೈಪಿನಲ್ಲಿ ಹಿಡಿಯುವುದು ಏಳೆಂಟು ಲೀಟರ್ ಮಾತ್ರ. ಒಪ್ಪಬೇಡಿ. 200 ಲೀಟರಿನ ಮುಚ್ಚಿದ ಡ್ರಮ್ ಒಂದನ್ನು ಟಿ ಜಾಯಿಂಟಿನಿಂದ ಪೈಪಿಗೆ ಸೇರಿಸಲು ಹೇಳಿ. ಮೊದಲು ಡ್ರಮ್ ತುಂಬುತ್ತದೆ, ಆಮೇಲೆ ಬರುವ ನೀರು ತಾನಾಗಿ ಫಿಲ್ಟರ್ ಕಡೆ ತಿರುಗುತ್ತದೆ. ಡ್ರಮ್ಮಿನ ತಳದಲ್ಲಿ ಸಣ್ಣ ನಲ್ಲಿ ಇರಲಿ. ಮಳೆ ನಿಂತ ಮೇಲೆ ಆ ನೀರನ್ನು ಗಿಡಕ್ಕೆ ಬಿಟ್ಟು ಡ್ರಮ್ ಖಾಲಿ ಮಾಡಿ. ಖಾಲಿ ಮಾಡುವುದು ಮರೆತರೆ ಮುಂದಿನ ಮಳೆಯ ಕೊಳೆಯೆಲ್ಲ ನೇರವಾಗಿ ಟ್ಯಾಂಕಿಗೆ ಹೋಗುತ್ತದೆ. ಈ ಕೆಲಸವನ್ನು ಮನೆಯಲ್ಲಿ ಒಬ್ಬರಿಗೆ ವಹಿಸಿಬಿಡಿ. ಮಕ್ಕಳು ಖುಷಿಯಿಂದ ಮಾಡುತ್ತಾರೆ.

ಫಿಲ್ಟರ್ ಮನೆಯಲ್ಲೇ ಆಗುತ್ತದೆ. ಇನ್ನೊಂದು ಡ್ರಮ್ಮಿನ ತಳದಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ಇದ್ದಿಲು, ಮೇಲೆ ದಪ್ಪ ಮರಳು. ಪ್ರತಿ ಪದರದ ನಡುವೆ ನೈಲಾನ್ ಜಾಲರಿ. ಮರಳನ್ನು ನೀರು ತಿಳಿಯಾಗುವ ತನಕ ತೊಳೆದೇ ಹಾಕಬೇಕು. ವರ್ಷಕ್ಕೊಮ್ಮೆ ಎಲ್ಲವನ್ನೂ ತೆಗೆದು ತೊಳೆದು ಬಿಸಿಲಿಗೆ ಹರವಿ, ಇದ್ದಿಲು ಮಾತ್ರ ಹೊಸದು ಹಾಕಿ.

ಟ್ಯಾಂಕಿನೊಳಗೆ ಬೆಳಕು ಹೋಗಬಾರದು, ಸೊಳ್ಳೆ ಹೋಗಬಾರದು. ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ. ಹೆಚ್ಚುವರಿ ನೀರು ಹೋಗುವ ಪೈಪಿನ ಬಾಯಿಗೆ ಸಣ್ಣ ಜಾಲರಿ ಕಟ್ಟಿ. ನೀರು ತೆಗೆಯಲು ತಳದಿಂದ ಒಂದು ಗೇಣು ಮೇಲೆ ನಲ್ಲಿ ಇಡಿಸಿ, ಕೈ ಹಾಕಿ ಚೊಂಬು ಅದ್ದುವುದು ಬೇಡ. ನಲ್ಲಿ ನೀರನ್ನಾಗಲಿ, ಬೋರ್ ನೀರನ್ನಾಗಲಿ ಈ ಟ್ಯಾಂಕಿಗೆ ಬೆರೆಸಬೇಡಿ. ಒಂದು ಸಲ ಬೆರೆಸಿದರೆ ಮಳೆ ನೀರಿನ ಗುಣ ಹೋಯಿತು.

ಶೋಧಿಸಿದ ನೀರು ತಿಳಿಯಾಗಿರುತ್ತದೆ, ಆದರೆ ಅದರಲ್ಲಿ ರೋಗಾಣು ಇಲ್ಲ ಅಂತ ಹೇಳಲು ಆಗುವುದಿಲ್ಲ. ಕುಡಿಯುವ ನೀರನ್ನು ಕುದಿಸಿ ಆರಿಸಿ. ಅಥವಾ 1,000 ಲೀಟರಿಗೆ ಎರಡೂವರೆ ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಹಾಕಿ. ಪುಡಿಯನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿಯಬೇಕು. ಒಂದು ಗಂಟೆ ಬಿಟ್ಟು ಬಳಸಿ. ಹಳೇ ಪ್ಯಾಕೆಟ್ಟಿನ ಪೌಡರಿನಲ್ಲಿ ಶಕ್ತಿ ಇರುವುದಿಲ್ಲ.

ಇನ್ನು ಬೋರ್ ನೀರಿನ ವಿಷಯ. ಇದನ್ನು ಒತ್ತಿ ಹೇಳಲೇಬೇಕು. ಚಿತ್ರದುರ್ಗ ಜಿಲ್ಲೆಯ ಹಲವು ಕಡೆ, ದಾವಣಗೆರೆಯ ಜಗಳೂರು ಕಡೆ ಕೂಡ, ಆಳದ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿದ್ದರೆ ಸರಿ, ಒಂದೂವರೆ ದಾಟಬಾರದು ಎನ್ನುತ್ತದೆ ಭಾರತೀಯ ಮಾನದಂಡ. ದಾಟಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ. ವರ್ಷಗಟ್ಟಲೆ ಅದನ್ನೇ ಕುಡಿದರೆ ಕೀಲು, ಮೂಳೆಗೂ ತೊಂದರೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಜಿಲ್ಲಾ ಕೇಂದ್ರದಲ್ಲಿರುವ ಸರ್ಕಾರಿ ನೀರು ಪರೀಕ್ಷೆ ಲ್ಯಾಬಿಗೆ ಒಂದು ಬಾಟಲಿ ಕೊಟ್ಟು ರಿಪೋರ್ಟ್ ತರಿಸಿ. ನಿಮ್ಮ ಮಕ್ಕಳು ಚಿಕ್ಕವರಿದ್ದರೆ ಇದನ್ನು ತಡ ಮಾಡಬೇಡಿ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲ ಅನ್ನುವಷ್ಟು ಕಡಿಮೆ. ನಾನು ತಾರಸಿ ನೀರಿಗೆ ಇಷ್ಟು ಒತ್ತು ಕೊಡುವುದಕ್ಕೆ ದೊಡ್ಡ ಕಾರಣ ಇದೇ.

ಆರ್‌ಒ ಯಂತ್ರವೂ ಫ್ಲೋರೈಡ್ ತೆಗೆಯುತ್ತದೆ, ನಿಜ. ಆದರೆ ಮನೆಯ ಸಾಮಾನ್ಯ ಯಂತ್ರ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ನೀರೇ ಇಲ್ಲದ ಊರಲ್ಲಿ ಅದು ದುಬಾರಿ. ಈಗಾಗಲೇ ಇದ್ದರೆ ಆ ನೀರನ್ನು ನೆಲ ಒರೆಸಲು, ಶೌಚಕ್ಕೆ ಬಳಸಿ, ಗಿಡಕ್ಕೆ ಮಾತ್ರ ಬೇಡ. "ಮಳೆ ನೀರಿನಲ್ಲಿ ಖನಿಜ ಇಲ್ಲವಂತೆ" ಎಂದು ಯಾರಾದರೂ ಹೆದರಿಸಬಹುದು. ಖನಿಜ ಬರಬೇಕಾದ್ದು ಊಟದಿಂದ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ಉಣ್ಣುವ ಮನೆಗೆ ಆ ಚಿಂತೆ ಬೇಡ.

ಬೇಳೆ ಬೇಯುವುದಿಲ್ಲ ಅಂದಿರಲ್ಲ, ಅದಕ್ಕೂ ಇದೇ ಮದ್ದು. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಒಳಗಿನ ಅಂಟಿನ ಜೊತೆ ಸೇರಿ ಅದನ್ನು ಗಟ್ಟಿ ಮಾಡುತ್ತದೆ. ಎಷ್ಟು ಕೂಗಿಸಿದರೂ ಕಾಳು ಕಾಳಾಗೇ ಉಳಿಯುತ್ತದೆ. ಒಂದೇ ಡಬ್ಬಿಯ ತೊಗರಿಬೇಳೆಯನ್ನು ಒಂದು ಸಲ ಬೋರ್ ನೀರಿನಲ್ಲಿ, ಇನ್ನೊಂದು ಸಲ ಮಳೆ ನೀರಿನಲ್ಲಿ ಬೇಯಿಸಿ ನೋಡಿ. ಎರಡನೆಯದು ಸೌಟು ಆಡಿಸಿದ ಕೂಡಲೇ ಮಸೆದು ಹೋಗುತ್ತದೆ. ಅಲ್ಲಿ ಗ್ಯಾಸೂ ಉಳಿಯಿತು, ಅಲ್ವಾ?

ಮೂರು ಟ್ಯಾಂಕ್ ತುಂಬಿದ ಮೇಲೂ ಬೇಕಾದಷ್ಟು ನೀರು ಉಳಿಯುತ್ತದೆ. ಅದನ್ನು ಚರಂಡಿಗೆ ಬಿಡಬೇಡಿ, ಬೋರಿನ ಸುತ್ತ ಇಂಗಿಸಿ. ಕೇಸಿಂಗ್ ಪೈಪಿನ ಸುತ್ತ ಗುಂಡಿ ತೆಗೆದು, ಪೈಪಿಗೆ ಸಣ್ಣ ತೂತು ಕೊರೆದು ಜಾಲರಿ ಸುತ್ತಿ, ಗುಂಡಿಗೆ ಕಲ್ಲು, ಜಲ್ಲಿ, ಮರಳು ತುಂಬುವ ವಿಧಾನ ಇದೆ. ಇದನ್ನು ಹೊರಗಿನಿಂದ ಕಲಿಯಬೇಕಾಗಿಲ್ಲ. ಭೂಜಲ ತಜ್ಞ ಎನ್.ಜೆ. ದೇವರಾಜ ರೆಡ್ಡಿ ಅವರು ಚಿತ್ರದುರ್ಗದಲ್ಲಿದ್ದೇ ಈ ಕೆಲಸವನ್ನು ಜನರಿಗೆ ಹೇಳಿಕೊಟ್ಟವರು. ಒಂದೇ ಎಚ್ಚರಿಕೆ: ಶೋಧಿಸದ ನೀರನ್ನು ಬೋರಿನ ಬಾಯಿಗೆ ನೇರವಾಗಿ ಸುರಿಯಬಾರದು. ಮೇಲಿನ ಕೊಳೆ ಕೆಳಗಿನ ನೀರಿಗೆ ಸೇರಿದರೆ ತೆಗೆಯಲು ಆಗುವುದಿಲ್ಲ. ಸೈಟು ಚಿಕ್ಕದು, ಪಾಯ ಹತ್ತಿರ ಇದೆ ಅನ್ನುವಂತಿದ್ದರೆ ಗುಂಡಿ ತೆಗೆಯುವ ಮುಂಚೆ ತಿಳಿದವರನ್ನು ಕರೆಸಿ ತೋರಿಸಿ.

ಕಸದ ವಿಷಯಕ್ಕೆ ಬರೋಣ. ಐದು ಜನರ ಮನೆಯಲ್ಲಿ ದಿನಕ್ಕೆ ಸುಮಾರು ಒಂದು ಕೆ.ಜಿ. ಹಸಿ ಕಸ ಆಗುತ್ತದೆ. ಮುಚ್ಚಳ ಇರುವ ಎರಡು ದೊಡ್ಡ ಡ್ರಮ್ಮಿಗೆ ಸುತ್ತ ತೂತು ಕೊರೆದು ಬಳಸಿ. ಒಂದು ತುಂಬಿದ ಮೇಲೆ ಅದನ್ನು ಮಾಗಲು ಬಿಟ್ಟು ಇನ್ನೊಂದನ್ನು ಶುರು ಮಾಡಿ. ಗೊಬ್ಬರ ನಾರುತ್ತದೆ ಎಂದು ಜನ ಬಿಟ್ಟುಬಿಡುವುದು ಒಣ ಪದಾರ್ಥ ಹಾಕದೆ ಇರುವುದರಿಂದ. ಒಂದು ಬಟ್ಟಲು ಹಸಿ ಕಸ ಹಾಕಿದರೆ ಮೇಲೆ ಕಡಿಮೆ ಅಂದರೂ ಒಂದು ಬಟ್ಟಲು ಒಣದ್ದು ಬೀಳಬೇಕು. ಪೇಟೆಯಲ್ಲಿ ಇದಕ್ಕೆಂದೇ ತೆಂಗಿನ ನಾರಿನ ಇಟ್ಟಿಗೆ ಮಾರುತ್ತಾರೆ. ನಿಮಗೆ ಅದು ಬೇಕಿಲ್ಲ. ಶೇಂಗಾ ಸೀಮೆಯಲ್ಲಿ ಇದ್ದೀರಿ. ಶೇಂಗಾ ಸಿಪ್ಪೆಯನ್ನು ಚೀಲದಲ್ಲಿ ತಂದು, ಕಾಲಿನಿಂದ ತುಳಿದು ಪುಡಿ ಮಾಡಿ ಇಟ್ಟುಕೊಳ್ಳಿ. ಒಣಗಿದ ಎಲೆಯೂ ಆಗುತ್ತದೆ. ದಾವಣಗೆರೆ ಕಡೆಯವರಿಗೆ ಭತ್ತದ ಹೊಟ್ಟು ಸುಲಭವಾಗಿ ಸಿಗುತ್ತದೆ, ಆದರೆ ಅದು ಬೇಗ ಕೊಳೆಯುವುದಿಲ್ಲ. ಗಾಳಿಯಾಡಲಿ ಎಂದು ಸ್ವಲ್ಪ ಬೆರೆಸಬಹುದು ಅಷ್ಟೇ.

ನಮ್ಮ ಹವೆಯಲ್ಲಿ ಇನ್ನೊಂದು ತೊಂದರೆ ಇದೆ. ಮಾರ್ಚ್, ಏಪ್ರಿಲ್‌ನಲ್ಲಿ ಡ್ರಮ್ ಒಳಗೆ ಎಲ್ಲಾ ಒಣಗಿ, ಕೊಳೆಯುವ ಕೆಲಸವೇ ನಿಂತುಬಿಡುತ್ತದೆ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಹದ. ನೀರು ಧಾರೆಯಾಗಿ ಬಂದರೆ ಒಣದ್ದು ಹಾಕಿ. ಏನೂ ಬಾರದಿದ್ದರೆ ಹುಳಿ ಮಜ್ಜಿಗೆ ಬೆರೆಸಿದ ನೀರು ಚಿಮುಕಿಸಿ ತಿರುವಿ. ಎರಡು ಮೂರು ತಿಂಗಳಿಗೆ ಮಣ್ಣಿನ ವಾಸನೆ ಬರುವ ಕಪ್ಪು ಗೊಬ್ಬರ ಸಿಗುತ್ತದೆ.

ತಾರಸಿ ತೋಟಕ್ಕೆ ನನ್ನ ಸಲಹೆ: ಚಿಕ್ಕದಾಗಿ ಶುರು ಮಾಡಿ, ಸೊಪ್ಪಿನಿಂದ ಮಾಡಿ. ಟೊಮೆಟೊ, ದಪ್ಪ ಮೆಣಸಿನಕಾಯಿ ಮೊದಲ ವರ್ಷ ಬೇಡ. ಅವಕ್ಕೆ ನೀರು ಜಾಸ್ತಿ, ರೋಗ ಜಾಸ್ತಿ, ಕೋತಿಗಳಿಗೂ ಅವೇ ಇಷ್ಟ. ಮೆಂತ್ಯ ಮೂರು ವಾರಕ್ಕೆ ಕೊಯ್ಲಿಗೆ ಬರುತ್ತದೆ, ದಂಟು ನಾಲ್ಕು ವಾರಕ್ಕೆ. ಪುಂಡಿ, ಬಸಳೆ ಒಮ್ಮೆ ಹಿಡಿದರೆ ಚಿವುಟಿದಷ್ಟೂ ಚಿಗುರುತ್ತವೆ. ನೆಲದಲ್ಲಿ ನಾಲ್ಕಡಿ ಜಾಗ ಇದ್ದರೆ ಒಂದು ನುಗ್ಗೆ, ಒಂದು ಕರಿಬೇವು ನೆಡಿ. ಬರಗಾಲದಲ್ಲೂ ಕೈ ಬಿಡದ ಗಿಡಗಳು. ಬೇಸಿಗೆಗೆ ಅರ್ಧ ನೆರಳು ಕೊಡುವ ಹಸಿರು ಪರದೆ ಕಟ್ಟಿ, ಕುಂಡದ ಮಣ್ಣಿನ ಮೇಲೆ ಒಣ ಎಲೆ ಹೊದಿಸಿ. ಈ ಹೊದಿಕೆ ಇದ್ದರೆ ನೀರು ಹಾಕುವ ಕೆಲಸ ಎಷ್ಟೋ ಕಡಿಮೆಯಾಗುತ್ತದೆ.

ಬಚ್ಚಲ ನೀರನ್ನು ನುಗ್ಗೆ, ಬಾಳೆ ಬುಡಕ್ಕೆ ತಿರುಗಿಸಬಹುದು, ಸೊಪ್ಪಿಗೆ ಬೇಡ. ಬಟ್ಟೆ ಪೌಡರಿನ ನೀರು ಮಣ್ಣನ್ನು ಕೆಡಿಸುತ್ತದೆ. ಅಂಟುವಾಳಕಾಯಿ ನೆನೆಸಿದ ನೀರಿಗೆ ಆ ತೊಂದರೆ ಇಲ್ಲ. ಗಡಸು ನೀರಿನಲ್ಲಿ ಸೋಪು ನೊರೆ ಕೊಡುವುದಿಲ್ಲ, ಅಂಟುವಾಳ ಕೊಡುತ್ತದೆ. ಅತ್ತೆಯವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಕೇಳಿ.

ಅತ್ತೆಯವರನ್ನು ಕೇಳಬೇಕಾದ್ದು ಇನ್ನೂ ಒಂದಿದೆ, ವರ್ಷದ ದಿನಸಿ ಕೂಡಿಡುವುದು. ಚಿತ್ರದುರ್ಗದ ದೊಡ್ಡ ಆಸ್ತಿ ಬಿಸಿಲು ಮತ್ತು ಒಣ ಗಾಳಿ. ಮಲೆನಾಡಿನವರಿಗೆ ಈ ಭಾಗ್ಯವಿಲ್ಲ. ಸುಗ್ಗಿಯಲ್ಲಿ ರಾಗಿ, ಜೋಳ, ತೊಗರಿ ರೈತರಿಂದಲೇ ಚೀಲದಲ್ಲಿ ತಂದು, ಎರಡು ಮೂರು ದಿನ ಬಿಸಿಲಿಗೆ ಹಾಕಿ. ಜೋಳದ ಕಾಳು ಹಲ್ಲಿಗೆ ಕೊಟ್ಟರೆ ಕಟ್ ಎಂದು ಮುರಿಯಬೇಕು, ಮೆತ್ತಗೆ ಅದುಮಿದರೆ ಇನ್ನೂ ಒಣಗಬೇಕು. ಆರಿದ ಮೇಲೆಯೇ ಡಬ್ಬಿಗೆ ತುಂಬಿ, ನಡುವೆ ಒಣಗಿದ ಬೇವಿನ ಎಲೆ ಹಾಕಿ. ಹುಣಸೆಹಣ್ಣಿಗೆ ಕಲ್ಲುಪ್ಪು. ಸಂಡಿಗೆ, ಬಾಳಕದ ಮೆಣಸಿನಕಾಯಿ, ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪು ಇದ್ದರೆ ತರಕಾರಿ ತುಟ್ಟಿಯಾದ ವಾರವೂ ಅಡುಗೆ ನಿಲ್ಲುವುದಿಲ್ಲ. ಎಣ್ಣೆಗೆ ಚಳ್ಳಕೆರೆ ಹತ್ತಿರವೇ ಇದೆ. ಒಳ್ಳೆಯ ಶೇಂಗಾ ಬೀಜ ಕೊಂಡು ಗಾಣಕ್ಕೆ ಕೊಟ್ಟರೆ ಒಂದು ಲೀಟರ್ ಎಣ್ಣೆಗೆ ಎರಡೂವರೆಯಿಂದ ಮೂರು ಕೆ.ಜಿ. ಬೀಜ ಬೇಕು. ಹಿಂಡಿಯನ್ನೂ ಕೇಳಿ ತನ್ನಿ. ಒಂದು ಹಿಡಿ ನೆನೆಸಿ ನೀರಿಗೆ ಬೆರೆಸಿ ಹಾಕಿದರೆ ಸೊಪ್ಪು ಹಸಿರಾಗಿ ಏಳುತ್ತದೆ.

ಸೋಲಾರ್ ಕರೆಂಟು ಸದ್ಯಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಇದೆ. ಒಂದು ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು ಬರುತ್ತದೆ. ಆದರೆ ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ಲು ಈಗಾಗಲೇ ಸೊನ್ನೆ ಇದ್ದರೆ ಹಾಕಿದ ದುಡ್ಡು ಹುಟ್ಟುವುದು ಕಷ್ಟ. ಇನ್ನೊಂದು ಮಾತನ್ನು ಮಾರುವವರು ಹೇಳುವುದಿಲ್ಲ. ಬ್ಯಾಟರಿ ಇಲ್ಲದೆ ಬೆಸ್ಕಾಂ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವವರ ಜೀವ ಉಳಿಸಲು ಹಾಗೆ ಮಾಡಿದ್ದಾರೆ. ಗುಡ್ಡದ ಮೇಲಿನ ಗಾಳಿಯಂತ್ರ ನೋಡಿ ಮನೆಗೊಂದು ಹಾಕಿಸೋಣ ಅನ್ನಿಸಿದರೆ ಅದೂ ಬೇಡ. ಮನೆಗಳ ನಡುವೆ ಗಾಳಿ ಸುತ್ತಿ ಸುತ್ತಿ ಬರುತ್ತದೆ, ಯಂತ್ರ ಸರಿಯಾಗಿ ತಿರುಗುವುದಿಲ್ಲ.

ಅದರ ಬದಲು ಹಳೇ ಫ್ಯಾನುಗಳನ್ನು ಒಂದೊಂದಾಗಿ ಬಿಎಲ್‌ಡಿಸಿ ಫ್ಯಾನಿಗೆ ಬದಲಾಯಿಸಿ. ಹಳೆಯದು 75 ವ್ಯಾಟ್ ಎಳೆದರೆ ಇದು 30ರ ಆಸುಪಾಸು. ಸ್ನಾನದ ನೀರಿಗೆ ಸೋಲಾರ್ ಹೀಟರ್ ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು. ಹಾಕಿಸುವಾಗ ಅದಕ್ಕೆ ನಲ್ಲಿ ನೀರಿನ ಟ್ಯಾಂಕಿನಿಂದಲೇ ಲೈನ್ ಕೊಡಿಸಿ. ಬೋರ್ ನೀರು ಬಿಟ್ಟರೆ ಒಳಗೆ ಬಿಳಿ ಪೊರೆ ಕಟ್ಟಿ ಒಂದೆರಡು ವರ್ಷದಲ್ಲಿ ಬಿಸಿಯೇ ಆಗುವುದಿಲ್ಲ.